ಹಿಂಬದಿ ಗೋಡೆಯವನು

ಆ ಮನೆಯಲ್ಲಿ ಜಗಳ ಹತ್ತಿಕೊಳ್ಳುತ್ತಿದ್ದುದು ಊಟದ ಹೊತ್ತಿಗೇ. ಬೇರೆ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಎಲ್ಲಿ ಸಿಗಬೇಕು? ಅಮ್ಮ ಬೆಳಕು ಹರಿಯುವ ಮೊದಲೇ ಬೇಕರಿ ಕೆಲಸಕ್ಕೆ ಹೊರಟುಬಿಡುತ್ತಿದ್ದಳು. ಅಪ್ಪ ಏಣಿಯನ್ನೂ ಬಣ್ಣದ ಡಬ್ಬಿಗಳನ್ನೂ ತಳ್ಳುಗಾಡಿಗೆ ಕಟ್ಟಿಕೊಂಡು ಅಂಗಡಿಗಳ ಬೋರ್ಡು ಬರೆಯಲು ಹೋದರೆ ಬರುವುದು ಸಂಜೆಗೆ. ಅಪ್ಪನ ತಾಯಿ, ಅಂದರೆ ಅಜ್ಜಿ, ಕಿಟಕಿಯ ಪಕ್ಕದ ಹೊಲಿಗೆ ಯಂತ್ರ ಬಿಟ್ಟು ಏಳುತ್ತಿರಲಿಲ್ಲ. ಹಾಗಾಗಿ ಹೇಳುವುದನ್ನೆಲ್ಲ ತಟ್ಟೆಯ ಮುಂದೆ ಕೂತೇ ಹೇಳಬೇಕಿತ್ತು.

"ಡಾಕ್ಟರಮ್ಮ ಅಂದಿದ್ದು ಕೇಳಿಸ್ಕೊಂಡಿಯಲ್ಲ? ಎಲುಬು ಇನ್ನೂ ಎಳೇದು, ಈ ವರ್ಷವೇ ಆಪರೇಷನ್ ಮಾಡಿಸಿ ಅಂದ್ರು," ಅಂದ ಅಪ್ಪ.

"ಕೇಳಿಸ್ಕೊಂಡೆ. ಕಾಲಿನ ಸುತ್ತ ಕಬ್ಬಿಣದ ಬಳೆ ಹಾಕ್ತಾರೆ, ದಿನಾ ತಿರುಪು ತಿರುಗಿಸಿ ಎಲುಬು ಉದ್ದ ಮಾಡ್ಬೇಕು ಅಂದಿದ್ದೂ ಕೇಳಿಸ್ಕೊಂಡೆ. ಯಾರು ತಿರುಗಿಸ್ತಾರೆ? ನನ್ ಕೈಲಂತೂ ಆಗಲ್ಲಪ್ಪ," ಅಂದಳು ಅಮ್ಮ.

"ಹಾಗಾದ್ರೆ ಅವನು ನೇರ ನಿಲ್ಲೋದು ಬೇಡ್ವಾ?"

"ನೇರ, ನೇರ! ಅದೇನು ನಿಮ್ಮ ಬೋರ್ಡಾ?"

"ತಟ್ಟೇಲಿರೋದು ತಣ್ಣಗಾಗ್ತಿದೆ. ಮೊದ್ಲು ತಿಂದು ಆಮೇಲೆ ಕಿತ್ತಾಡ್ರೋ," ಅಂದಳು ಅಜ್ಜಿ.

ಯಾರ ಕಾಲಿನ ಬಗ್ಗೆ ಇಷ್ಟೆಲ್ಲ ನಡೆದಿತ್ತೋ ಅವನು ಬೇಳೆಯ ಸಾರಿನಲ್ಲಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದ. ಹುಟ್ಟಿದಾಗಿನಿಂದ ಅವನ ಎಡಗಾಲು ಬಲಗಾಲಿಗಿಂತ ಎರಡು ಬೆರಳಿನಷ್ಟು ಗಿಡ್ಡ. ವಯಸ್ಸು ಏಳು. ಮನೆಯಲ್ಲಿ ಎಲ್ಲರಿಗೂ ಅವನು ಗುಬ್ಬಿ. ಹತ್ತು ವರ್ಷದ ಅಕ್ಕನಿಗೆ ಸೂಜಿ ಎಂದು ಹೆಸರಿಟ್ಟವಳು ಅಜ್ಜಿಯೇ. ಅವಳ ಎರಡು ಮಾತು ಕೇಳಿದವರಿಗೆ ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಶಾಲೆಗೆ ರಜೆ ಬಿತ್ತು. ಎರಡು ಕೋಣೆಯ ಮನೆಯಲ್ಲಿ ಇಡೀ ದಿನ ಎರಡು ಮಕ್ಕಳು! ಅಜ್ಜಿಯ ತಲೆ ಕೆಟ್ಟುಹೋಯಿತು. ಗುಬ್ಬಿ ಯಂತ್ರದ ಚಕ್ರ ತಿರುಗಿಸಿ ದಾರವನ್ನೆಲ್ಲ ಸಿಕ್ಕು ಮಾಡಿಟ್ಟ. ಸೂಜಿ ಅಳತೆ ಕೊಡಲು ಬಂದವರೊಬ್ಬರಿಗೆ, "ನೀವು ದಪ್ಪ ಆಗಿದೀರ, ಅಜ್ಜಿ ಹೇಳಕ್ಕೆ ಹೆದರ್ತಿದಾಳೆ ಅಷ್ಟೇ," ಅಂದುಬಿಟ್ಟಳು. ಆ ಗಿರಾಕಿ ಹೋದಮೇಲೆ ಅಜ್ಜಿ, ಅಳತೆ ಕತ್ತರಿಸುವ ಕಂದು ಕಾಗದದ ಸುರುಳಿಯಿಂದ ದೊಡ್ಡ ತುಂಡೊಂದನ್ನು ಹರಿದು ನೆಲಕ್ಕೆ ಹಾಸಿದಳು.

"ತಗೊಳ್ಳಿ. ಯಾರ ಕೈಲೂ ಆಗದ್ದನ್ನ ಮಾಡೋನೊಬ್ಬನನ್ನ ನೀವೇ ಹುಟ್ಸಿ. ಟೀವೀಲಿ ಬರೋರು ಬೇಡ. ಅವರನ್ನೆಲ್ಲ ಯಾರೋ ಆಗಲೇ ಹುಟ್ಸಿಯಾಗಿದೆ."

"ನಾನು ಬಿಡಿಸ್ತೀನಿ," ಅಂದಳು ಸೂಜಿ.

"ನಾನು ಹೇಳ್ತೀನಿ," ಅಂದ ಗುಬ್ಬಿ.

ಆ ಮನೆಯಲ್ಲಿ ಕೆಲಸದ ಹಂಚಿಕೆ ಜಗಳವಿಲ್ಲದೆ ಮುಗಿದದ್ದು ಅದೇ ಮೊದಲು. ಆದರೆ ಒಂದು ಗುಂಡು ತಲೆ ಬಿಡಿಸುವಷ್ಟರಲ್ಲಿ ಇಬ್ಬರೂ ಸಿಕ್ಕಿಕೊಂಡರು.

"ಮುಂದೆ ಏನೋ?"

"ಶಕ್ತಿ. ತುಂಬಾ ದೊಡ್ಡ ಶಕ್ತಿ."

"ಶಕ್ತೀನ ಹೆಂಗೋ ಬಿಡಿಸೋದು, ಪೆದ್ದ?"

ಅಜ್ಜಿ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಬಂದೋರನ್ನ ನಿಲ್ಸಿ ಕೇಳ್ಬೇಕು ಕಣ್ರೇ. ಕೇಳದೇ ಕತ್ತರಿ ಹಾಕಿದ್ರೆ ಬಟ್ಟೆ ಹಾಳು. ಏನು ಕೆಲಸ ಅವನದ್ದು? ಕೂತು ಮಾಡೋದಾ, ಓಡಾಡೋದಾ?"

"ಓಡಾಡೋದು," ಅಂದ ಗುಬ್ಬಿ.

"ಹಾಗಾದ್ರೆ ತೋಳು ಸಡಿಲ ಇರ್ಲಿ. ಗುಂಡಿ ಹಿಂದೋ ಮುಂದೋ?"

"ಮುಂದೆ. ಹಿಂದಿದ್ರೆ ಹಾಕೋಕೆ ಅಮ್ಮ ಬೇಕಾಗತ್ತೆ."

"ಜೇಬು?"

"ಒಂದೇ. ಆದ್ರೆ ತುಂಬಾ ಭಾರದ್ದು. ಕಳೆದುಹೋಗಿದ್ದೆಲ್ಲ ಅದರಲ್ಲಿರತ್ತೆ. ಕೇಳಿದೋರಿಗೆ ತೆಗೆದುಕೊಡ್ತಾನೆ."

"ಅಂಗಿ ಮೇಲೆ, ಬೆನ್ನಿಗೆ ಹಾರಾಡೋ ಬಟ್ಟೆ ಹಾಕ್ಲಾ?" ಎಂದು ಸೂಜಿ ಆಸೆಯಿಂದ ಕೇಳಿದಳು.

"ಬೇಡ. ಬಸ್ಸಿನ ಬಾಗಿಲಿಗೆ ಸಿಕ್ಕಿಹಾಕ್ಕೊಳ್ಳತ್ತೆ."

"ಅವನು ಬಸ್ಸಲ್ಲಿ ಯಾಕೋ ಹೋಗ್ತಾನೆ?"

"ಹೋಗುವಾಗ ಅಲ್ಲ, ಮನೇಗೆ ಬರುವಾಗ. ಸುಸ್ತಾಗಿರತ್ತಲ್ಲ."

ಅಜ್ಜಿಯ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ದಿನವಿಡೀ ಲೋಕವನ್ನು ಕಾಪಾಡಿ, ಸಂಜೆ ಸುಸ್ತಾಗಿ ಬಸ್ಸಿನಲ್ಲಿ ಮನೆಗೆ ಬರುವವನು! ನಾಲ್ಕು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು ಅವಳು. ಆದರೂ ಈ ಪುಟ್ಟ ತಲೆಯೊಳಗೆ ಇದೆಲ್ಲ ಯಾವಾಗ ಬಂದು ಕೂತಿತೆಂದು ಅವಳಿಗೆ ತಿಳಿಯಲಿಲ್ಲ. ಅವಳು ಹೊಲಿಗೆ ಬಿಟ್ಟು ಮಕ್ಕಳ ಪಕ್ಕ ನೆಲದ ಮೇಲೆ ಬಂದು ಕೂತಳು.

"ಯಾವುದಕ್ಕೆ ಹೆದರ್ತಾನೆ?"

"ಹಾಲಿನ ಕೆನೆಗೆ."

"ಥೂ, ನಾನೂ!" ಅಂದಳು ಸೂಜಿ. ಚಿತ್ರದವನ ಮೇಲೆ ಅವಳಿಗೆ ಮೊದಲ ಸಲ ಪ್ರೀತಿ ಹುಟ್ಟಿತು.

"ಕಾಲಿನ ಉದ್ದ ಹೇಳಪ್ಪ," ಅಂದಳು ಅಜ್ಜಿ, ಟೇಪು ಬಿಚ್ಚಿ.

ಗುಬ್ಬಿ ಕಾಗದದ ಮೇಲೆ ಬೆರಳಿಟ್ಟು ತೋರಿಸಿದ. "ಬಲಗಾಲು ಇಲ್ಲೀ ತನಕ. ಎಡಗಾಲು ಎರಡು ಬೆರಳು ಕಮ್ಮಿ."

ಸೂಜಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಟೇಪಿನ ಮುಖ ನೋಡಿದಳು.

"ಯಾಕೋ ಕಮ್ಮಿ?" ಸೂಜಿ ಮೆಲ್ಲಗೆ ಕೇಳಿದಳು.

"ಅದೇ ಗುಟ್ಟು. ಪೂರ್ತಿ ಆದ್ಮೇಲೆ ಹೇಳ್ತೀನಿ."

"ಗಿರಾಕಿ ಹೇಳಿದ ಅಳತೆ. ಹಾಗೇ ಬಿಡಿಸೇ," ಅಂದಳು ಅಜ್ಜಿ.

ಒಂದು ದಿನದಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ ಅದು. ಒಂದು ದಿನ ಕಿವಿ, ಒಂದು ದಿನ ಹುಬ್ಬು. ಅಮ್ಮ ಮಧ್ಯಾಹ್ನ ಮುರಿದ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದವಳೇ ಚಪ್ಪಲಿ ಬಿಡುವ ಮೊದಲು, "ಇವತ್ತು ಏನು ಬೆಳೀತು ಅವನಿಗೆ?" ಎಂದು ಕೇಳುವುದು ಅಭ್ಯಾಸವಾಯಿತು. ಬೆಳಗಿನಿಂದ ಹಿಟ್ಟು ನಾದಿ ಸೋತ ತೋಳುಗಳನ್ನು ಚಾಚಿಕೊಂಡು ಅವಳು ಕಾಗದದ ಮುಂದೆ ಕೂತಿರುತ್ತಿದ್ದಳು. ಅಪ್ಪನಿಗೆ ಮಾತ್ರ ಮಕ್ಕಳು ತೋರಿಸಿರಲಿಲ್ಲ. ಬಣ್ಣದವನಲ್ಲವೇ, ಪೂರ್ತಿಯಾದ ಮೇಲೆ ತೋರಿಸಿ ದಂಗುಬಡಿಸಬೇಕೆಂದು ಇಬ್ಬರ ಒಪ್ಪಂದ.

ಎಡವಟ್ಟಾದದ್ದು ಅಲ್ಲೇ. ಚಿತ್ರ ಮುಗಿದ ದಿನವೇ ಅಪ್ಪ ಬೇಗ ಬಂದ. ಅಜ್ಜಿ ಮಕ್ಕಳನ್ನು ಕರೆದುಕೊಂಡು ಹಾಲು ತರಲು ಹೋಗಿದ್ದಳು. ಗೋಡೆಗೆ ಗುಂಡುಪಿನ್ನು ಚುಚ್ಚಿ ನಿಲ್ಲಿಸಿದ್ದ ಚಿತ್ರ ಕಣ್ಣಿಗೆ ಬಿತ್ತು. ಅಬ್ಬಾ, ನನ್ನ ಮಕ್ಕಳು ಬಿಡಿಸಿದ್ದೇ ಇದು! ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಕೈ ಸುಮ್ಮನಿರಲಿಲ್ಲ. ಇವರು ಬರುವಷ್ಟರಲ್ಲಿ ಇದಕ್ಕೊಂದು ಕಳೆ ಕೊಟ್ಟುಬಿಡೋಣ ಅಂದುಕೊಂಡು ಡಬ್ಬಿ ತೆರೆದ. ಜೋಲುಬಿದ್ದ ಹೆಗಲನ್ನು ಎತ್ತಿ ಕೂರಿಸಿದ. ಮೇಲೆ ಕೆಳಗಿದ್ದ ಕಣ್ಣುಗಳನ್ನು ಸಮ ಮಾಡಿದ. ಎದೆ ಅಗಲವಾಯಿತು, ಅಂಗಿ ಕೆಂಪಗೆ ಹೊಳೆಯಿತು. ಬೋರ್ಡು ಬರೆಯುವವನಿಗೆ ಅಕ್ಷರಗಳ ಬುಡ ಒಂದೇ ಗೆರೆಯ ಮೇಲೆ ನಿಲ್ಲದಿದ್ದರೆ ಅನ್ನ ಇಳಿಯುವುದಿಲ್ಲ. ಎಡಗಾಲನ್ನು ಎಳೆದು ಬಲಗಾಲಿನ ಸಮಕ್ಕೆ ತಂದು, ಕೆಳಗೊಂದು ನೆಟ್ಟಗಿನ ನೆಲ ಎಳೆದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ.

ಮಕ್ಕಳು ಬಾಗಿಲಿಗೆ ಬಂದು ನಿಂತರು.

ಗುಬ್ಬಿ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ. "ಇದು ಯಾರು?"

"ನಿನ್ನ ಹೀರೋ ಕಣೋ! ಹೆಂಗಿದಾನೆ?"

"ಅಲ್ಲ. ಇವನು ಯಾರೋ ನಂಗೆ ಗೊತ್ತಿಲ್ಲ," ಎಂದು ಹೇಳಿ ಅವನು ಕೈ ತೊಳೆಯಲು ಹೋದ.

ಆ ಸಂಜೆಯ ಊಟ ಯಾರಿಗೂ ರುಚಿಸಲಿಲ್ಲ. ಸೂಜಿ ಮುಖ ಊದಿಸಿಕೊಂಡು ಆಲೂಗಡ್ಡೆಯನ್ನು ಚಮಚದಿಂದ ಜಜ್ಜುತ್ತಿದ್ದಳು.

"ಅಷ್ಟು ಚೆನ್ನಾಗಿ ಮಾಡ್ಕೊಟ್ಟೆ. ಏನಾಯ್ತು ಇವಕ್ಕೆ?" ಅಂದ ಅಪ್ಪ.

"ನಿಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?" ಸೂಜಿ ಚಮಚ ಬಿಸಾಕಿದಳು. "ಅವನ ಎಡಗಾಲು ಗಿಡ್ಡ ಇತ್ತು. ಬೇಕೂ ಅಂತಲೇ ಇತ್ತು. ಗುಬ್ಬಿ ಹೇಳಿ ಬಿಡಿಸಿದ್ದು. ನೀನು ಅದನ್ನ ಒರೆಸಿಬಿಟ್ಟೆ!"

ಅಪ್ಪ ತುತ್ತನ್ನು ತಟ್ಟೆಗೇ ಹಾಕಿದ. "ನಾನು... ನಾನು ಕಾಲು ಅಂತ ನೋಡ್ಲೇ ಇಲ್ಲ. ಗೆರೆ ನೋಡ್ದೆ."

"ದಿನಾ ಬೆಳಿಗ್ಗೆ ಆ ಕಾಲಿಗೆ ಶೂ ಕಟ್ಟೋರು ನೀವೇ ಅಲ್ವೇನ್ರೀ!" ಅಂದಳು ಅಮ್ಮ. "ಕಣ್ಣು ಎಲ್ಲಿಟ್ಟಿದ್ರಿ?"

"ಕೈ ತಾನಾಗೇ ಹೋಯ್ತು ಕಣೇ."

ಗುಬ್ಬಿ ತಟ್ಟೆ ಖಾಲಿ ಮಾಡಿ ಎದ್ದ. "ನಾನು ಆಸ್ಪತ್ರೇಗೆ ಬರಲ್ಲ."

"ಯಾಕೋ ಮರೀ?"

"ಅಲ್ಲೂ ಹೀಗೇ ಮಾಡ್ತಾರೆ. ಆಮೇಲೆ ನೀವೆಲ್ಲ ಇದು ಯಾರು ಅಂತ ಕೇಳ್ತೀರ."

ಅಪ್ಪ ತಟ್ಟೆಯನ್ನು ಹಾಗೆಯೇ ಸರಿಸಿ ಹೊರಗೆ ಹೋಗಿ ಗಾಡಿಯ ಪಕ್ಕ ಕೂತ.

ಮರುದಿನದಿಂದ ಗುಬ್ಬಿ ತನ್ನ ಶೂ ತಾನೇ ಕಟ್ಟಿಕೊಳ್ಳತೊಡಗಿದ. ಎಡಗಾಲಿನ ಶೂಗೆ ದಪ್ಪ ಅಟ್ಟೆ, ಲೇಸು ಎರಡು ಸುತ್ತು ಸುತ್ತಿ ಕಟ್ಟಬೇಕು, ಅವನ ಬೆರಳಿಗೆ ಬಗ್ಗುತ್ತಿರಲಿಲ್ಲ. ಅಪ್ಪ ಬಗ್ಗಿದರೆ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದ. ಕೋಪದ ಮಾತಿಲ್ಲ, ಅಳುವಿಲ್ಲ. ವಾರ ಕಳೆದರೂ ಇದೇ. ಆಸ್ಪತ್ರೆಯವರು ಕೊಟ್ಟ ದಿನ ಹತ್ತಿರವಾಗುತ್ತಿತ್ತು. ಅತ್ತು ರಂಪ ಮಾಡುವ ಮಗುವನ್ನಾದರೆ ಎತ್ತಿಕೊಂಡು ಹೋಗಬಹುದು. ಇವನನ್ನು ಎತ್ತಿಕೊಳ್ಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಅಮ್ಮಾ, ಏನ್ಮಾಡ್ಲಿ ಹೇಳು," ಎಂದು ಒಂದು ಸಂಜೆ ಅಪ್ಪ ಯಂತ್ರದ ಪಕ್ಕ ಕುಕ್ಕರಿಸಿದ. ನಲವತ್ತು ದಾಟಿದ ಗಂಡಸು, ಆಗತಾನೇ ಶಾಲೆಯಲ್ಲಿ ಪೆಟ್ಟು ತಿಂದು ಬಂದ ಹುಡುಗನ ಹಾಗೆ ಕಾಣುತ್ತಿದ್ದ.

"ನಾನು ಗಿರಾಕಿ ಬಟ್ಟೆ ಕೆಡಿಸಿದ್ರೆ ಏನ್ಮಾಡ್ತೀನಿ? ಹೊಸ ಬಟ್ಟೆ ತಗೊಂಡು ಅವರ ಎದುರೇ ಕೂತು ಕತ್ತರಿಸ್ತೀನಿ. ಅವರು ಹೂಂ ಅಂದಲ್ಲಿ ಕತ್ತರಿ, ಉಹೂಂ ಅಂದಲ್ಲಿ ನಿಲ್ತೀನಿ. ಕ್ಷಮಿಸಿ ಅಂತ ಬಾಯಲ್ಲಿ ಎಷ್ಟು ಹೇಳಿದ್ರೂ ಮೈ ಮುಚ್ಚಲ್ಲ."

ಅಪ್ಪ ಗುಬ್ಬಿಯ ಮುಂದೆ ಹೋಗಿ ಕೂತ. "ಮನೆ ಹಿಂದಿನ ಗೋಡೆ ಇದೆಯಲ್ಲ, ಬಟ್ಟೆ ಒಣಗಿಸೋ ಕಡೆ. ಅದಕ್ಕೆ ಸುಣ್ಣ ಬಳಿದುಕೊಡ್ತೀನಿ. ಅವನನ್ನ ಅಲ್ಲಿ ದೊಡ್ಡದಾಗಿ ಬರೀತೀನಿ. ನೀನು ಹೇಳಿದ ಹಾಗೆ. ಒಂದು ಗೆರೇನೂ ನಂದಲ್ಲ."

ಗುಬ್ಬಿ ಯೋಚಿಸಿದ. "ತಪ್ಪಾದ್ರೆ?"

"ಒರೆಸಿ ಮತ್ತೆ ಬರೀತೀನಿ."

"ನಾನು ಅಲ್ಲೇ ಕೂತಿರ್ತೀನಿ."

"ಕೂತ್ಕೊ. ಕೂತು ಕಾಯಿ ನನ್ನನ್ನ."

ಸೂಜಿಗೆ ಹಳೆಯ ಚಿತ್ರದ ಪ್ರತಿ ಗೆರೆಯೂ ನೆನಪಿತ್ತು. ಹೊಸ ಕಾಗದದ ಮೇಲೆ ಮತ್ತೆ ಬಿಡಿಸಿದಳು, ಗುಬ್ಬಿ ಪರೀಕ್ಷಿಸಿ ಒಪ್ಪಿದ. ಚಿಕ್ಕ ಚಿತ್ರವನ್ನು ದೊಡ್ಡದು ಮಾಡಲು ಬೋರ್ಡಿನವರು ಮಾಡುವಂತೆ ಅಪ್ಪ ಕಾಗದದ ಮೇಲೆ ಚೌಕಗಳನ್ನು ಎಳೆದು, ಗೋಡೆಯ ಮೇಲೆ ಸೀಮೆಸುಣ್ಣ ಹಚ್ಚಿದ ದಾರ ಬಿಗಿಹಿಡಿದು ಮೀಟಿ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಮೂಡಿಸಿದ. ಇನ್ನೇನು, ಚೌಕಕ್ಕೆ ಚೌಕ ನೋಡಿ ಬರೆದರಾಯಿತು.

ಎಲ್ಲಿ ಆಗುತ್ತದೆ! ಆ ಕೈ ಇಷ್ಟು ವರ್ಷ ಕಲಿತದ್ದೆಲ್ಲ ನೆಟ್ಟಗಿನ ಗೆರೆ. ಡೊಂಕು ಕಂಡ ಕೂಡಲೇ ತಿದ್ದಿಬಿಡುತ್ತಿತ್ತು.

"ಅಪ್ಪಾ, ಹೆಗಲು ಮತ್ತೆ ಮೇಲೆ ಹೋಯ್ತು."

"ಹೌದಲ್ಲ!" ಎಂದು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಮತ್ತೆ ಬರೆದರೆ ಮತ್ತೆ ನೆಟ್ಟಗೆ. ಬೆವರು ಸುರಿಯುತ್ತಿತ್ತು. ಕೊನೆಗೆ ಅಜ್ಜಿ ರಟ್ಟಿನಲ್ಲಿ ಒಂದು ಚೌಕದಷ್ಟು ಕಿಟಕಿ ಕತ್ತರಿಸಿಕೊಟ್ಟಳು. ಸೂಜಿ ಅದನ್ನು ಕಾಗದದ ಮೇಲಿಟ್ಟು ಹಿಡಿದರೆ ಅಪ್ಪನಿಗೆ ಕಾಣುವುದು ಒಂದೇ ಚೌಕ. ಹೆಗಲೋ ಮೊಣಕಾಲೋ ತಿಳಿಯದು, ಬರೀ ಗೆರೆ. ಆಗ ಅವನ ಕೈ ಮೊದಲ ಸಲ ಹೇಳಿದ ಮಾತು ಕೇಳಿತು.

"ಈ ಹೆಗಲು ಯಾಕೋ ಇಳಿದಿದೆ?" ಅಪ್ಪ ಏಣಿಯ ಮೇಲಿಂದ ಕೇಳಿದ.

"ಆ ಕಡೆ ಜೇಬು ಭಾರ ಅಲ್ವಾ," ಅಂದ ಗುಬ್ಬಿ.

"ಹೌದಪ್ಪ, ಭಾರ ಇದ್ರೆ ಇಳೀಲೇಬೇಕು. ಮತ್ತೆ ಈ ಕಣ್ಣು ಮೇಲಿರೋದು?"

"ಮಹಡಿ ಮೇಲಿಂದ ಯಾರಾದ್ರೂ ಕೂಗಿದ್ರೆ ನೋಡಕ್ಕೆ. ಇನ್ನೊಂದು ಕಣ್ಣು ದಾರಿ ನೋಡತ್ತೆ. ಇಲ್ದಿದ್ರೆ ಎಡವಿ ಬೀಳ್ತಾನೆ."

ಅಪ್ಪ ಕುಂಚ ಹಿಡಿದುಕೊಂಡೇ ನಿಂತುಬಿಟ್ಟ. ಒಂದೊಂದು ಡೊಂಕಿಗೂ ಕಾರಣವಿತ್ತು! ತಾನು ಸರಿ ಮಾಡಿದೆನೆಂದುಕೊಂಡ ಪ್ರತಿಯೊಂದು ಗೆರೆಯೂ ಯೋಚಿಸಿ ಇಟ್ಟದ್ದಾಗಿತ್ತು. ತನಗಿಂತ ದೊಡ್ಡ ಕೆಲಸಗಾರರನ್ನು ಅವನು ನೋಡಿದ್ದ, ಅವರ ಕೈಕೆಳಗೆ ಬಣ್ಣ ಕಲಸಿದ್ದ. ಆಗೆಲ್ಲ ಮೈ ಜುಂ ಎನ್ನುತ್ತಿತ್ತಲ್ಲ, ಈಗ ಕೆಳಗೆ ಮಗುಚಿದ ಬಕೆಟ್ಟಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ ಮಗನ ಮುಂದೆ ಹಾಗೆಯೇ ಆಯಿತು. ಅವನು ಮತ್ತೆ ಮತ್ತೆ ಕೇಳತೊಡಗಿದ, ಹುಡುಗ ಹೇಳತೊಡಗಿದ. ಕೆಲವು ಸಂಜೆಗಳು ಹೀಗೇ ಕಳೆದವು. ಗೋಡೆಯವನು ತಲೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿದುಬಂದ.

ಎಡ ಪಾದದ ಚೌಕ ಬಂದ ದಿನ ಎಲ್ಲರೂ ಹಿತ್ತಲಿನಲ್ಲಿದ್ದರು. ಅಮ್ಮ ಒಣಗಿದ ಬಟ್ಟೆ ತೆಗೆಯುವ ನೆವದಲ್ಲಿ ನಿಂತಿದ್ದಳು. ಅಜ್ಜಿ ಕುರ್ಚಿ ಹಾಕಿಸಿಕೊಂಡಿದ್ದಳು. ಅಪ್ಪ ಏಣಿ ಇಳಿದು ನೆಲದ ಮೇಲೆ ಮಂಡಿಯೂರಿ, ತಾನೇ ಸೂಜಿಗೆ ಹೇಳಿದ: "ರಟ್ಟು ತೆಗಿ ಮಗಳೇ. ಇದನ್ನ ಕಣ್ತೆರೆದು ನೋಡಿ ಬರೀತೀನಿ."

ನೋಡಿ, ಬರೆದ. ಬಲಗಾಲಿಗಿಂತ ಎರಡು ಬೆರಳು ಮೇಲೆ ಪಾದ ನಿಂತಿತು. ಅಳತೆ ಗೋಡೆಗೆ ಬೆಳೆದಾಗ ಎರಡು ಬೆರಳು ಒಂದು ಗೇಣಾಗಿತ್ತು.

"ಕೆಳಗೆ ಕಲ್ಲೋ ಮೆಟ್ಟಿಲೋ ಏನಾದ್ರೂ ಬರೀಲಾ, ಕಾಲಿಡಕ್ಕೆ?"

"ಏನೂ ಬೇಡ," ಅಂದ ಗುಬ್ಬಿ. "ಅದೇ ಅವನ ಶಕ್ತಿ."

"ಯಾವುದೋ?"

ಗುಬ್ಬಿ ಬಕೆಟ್ಟಿನಿಂದ ಇಳಿದು ಗೋಡೆಯ ಹತ್ತಿರ ಬಂದ. ಪಾದದ ಕೆಳಗಿನ ಖಾಲಿ ಜಾಗಕ್ಕೆ ಅಂಗೈ ಇಟ್ಟು ತೋರಿಸಿದ. "ನೀವೆಲ್ಲ ಎರಡೂ ಕಾಲು ನೆಲಕ್ಕೆ ಊರ್ತೀರ. ಅದಕ್ಕೇ ಹಾರಕ್ಕಾಗಲ್ಲ. ಇವನು ಒಂದು ಕಾಲು ಆಗಲೇ ಎತ್ತಿಯಾಗಿದೆ. ಹುಟ್ಟಿದಾಗ್ಲೇ. ಇನ್ನು ಒಂದೇ ಒಂದು ಎತ್ತಿದ್ರೆ ಸಾಕು."

ಅಮ್ಮನ ಕೈಯಲ್ಲಿದ್ದ ಹಾಸಿಗೆ ಹೊದಿಕೆಯ ತುದಿ ಮಣ್ಣಿಗೆ ತಾಗಿತು, ಅವಳು ನೋಡಲಿಲ್ಲ. ಅಜ್ಜಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಗೋಡೆಯ ಮೇಲಿನ ಆ ಖಾಲಿ ಜಾಗವನ್ನೇ ನೋಡಿದಳು. ಇಷ್ಟು ವರ್ಷ ಈ ಹುಡುಗನ ಪ್ಯಾಂಟಿನ ಎಡಗಾಲನ್ನು ಎರಡು ಬೆರಳು ಮಡಿಚಿ ಹೊಲಿದವಳು ಅವಳು. ಅಷ್ಟು ಕಮ್ಮಿ ಎಂದೇ ತಿಳಿದಿದ್ದಳು. ಅಷ್ಟು ಎತ್ತರ ಎಂದು ಯಾರಿಗಾದರೂ ಹೊಳೆದೀತೇ?

"ಅಯ್ಯೋ ದೇವರೇ," ಎಂದಷ್ಟೇ ಅಂದಳು.

ಅಪ್ಪ ಬಣ್ಣದ ಕೈಯಲ್ಲೇ ಮಗನನ್ನು ಹಿಡಿದುಕೊಂಡ. "ತಪ್ಪಾಯ್ತು ಕಣೋ ಗುಬ್ಬಿ. ಆಪರೇಷನ್ನೂ ಬೇಡ, ಏನೂ ಬೇಡ. ನಾಳೇನೇ ಹೋಗಿ ಹೇಳಿಬರ್ತೀನಿ. ನಿನ್ನ ಕಾಲು ಹೀಗೇ ಇರ್ಲಿ. ಯಾರೂ ಮುಟ್ಟಲ್ಲ."

"ಹೂಂ ರೀ, ಹೇಳಿಬಿಡಿ," ಅಂದಳು ಅಮ್ಮ ಅಳುತ್ತ.

ಗುಬ್ಬಿ ಅಪ್ಪನ ತೋಳಿನಿಂದ ಬಿಡಿಸಿಕೊಂಡು ಹಿಂದೆ ಸರಿದ. ದೊಡ್ಡವರಿಗೆ ಎಷ್ಟು ಸಲ ಹೇಳುವುದು ಎನ್ನುವ ಮುಖ ಅವನದು.

"ಅಪ್ಪಾ, ಹಾರೋನು ಅವನು. ನಾನಲ್ಲ. ನಾನು ನಡೀಬೇಕು. ಶಾಲೆ ತನಕ ನಡೆದ್ರೆ ನಂಗೆ ಸೊಂಟ ನೋಯತ್ತೆ."

"ಸೊಂಟ ನೋಯತ್ತಾ?" ಅಪ್ಪ ಅಮ್ಮನ ಕಡೆ ತಿರುಗಿದ, ಅಮ್ಮ ಅಜ್ಜಿಯ ಕಡೆ. "ಯಾವಾಗ್ಲಿಂದ?"

"ಯಾವಾಗ್ಲೂ."

"ಮತ್ತೆ ಹೇಳ್ಲಿಲ್ವಲ್ಲೋ ನಮ್ಗೆ!"

"ನೀವು ಕೇಳ್ಲೇ ಇಲ್ವಲ್ಲ," ಅಂದ ಗುಬ್ಬಿ. ಅದರಲ್ಲಿ ದೂರು ಇರಲಿಲ್ಲ. ಗೋಡೆಯವನಿಗೆ ಜೇಬು ಎಷ್ಟೆಂದು ಕೇಳಿದಾಗ ಉತ್ತರ ಹೇಳಿದ ಹಾಗೆಯೇ ಹೇಳಿದ.

ಅಪ್ಪ ಮಂಡಿಯೂರಿದ್ದಲ್ಲೇ ಕುಳಿತ. ದನಿ ತಗ್ಗಿಸಿ, ಹೊಸ ಗಿರಾಕಿಯನ್ನು ವಿಚಾರಿಸುವವನ ಹಾಗೆ ಕೇಳಿದ: "ಹಾಗಾದ್ರೆ ಏನ್ಮಾಡೋಣ, ನೀನೇ ಹೇಳು."

ಗುಬ್ಬಿ ತನ್ನ ಕಾಲನ್ನು ನೋಡಿಕೊಂಡ. ಆಮೇಲೆ ಗೋಡೆಯನ್ನು.

"ನಂಗೆ ಮಾಡ್ಸಿ," ಅಂದ. "ತಿರುಪು ಅಪ್ಪ ತಿರುಗಿಸ್ಲಿ, ನಾನು ನಿಲ್ಲು ಅಂದ್ರೆ ನಿಲ್ಬೇಕು. ಅವನನ್ನ ಮಾತ್ರ ಯಾರೂ ಮುಟ್ಬಾರ್ದು."